ನಲ್ಲಿ ಕಂಬದ ಪುಸ್ತಕ

ಲುಬ್ಲಿನ್ ಊರಂಚಿಗೆ, ರೈಲು ಹಳಿಯ ಬದಿಗೆ
ನೂರಾ ಹನ್ನೆರಡು ತುಂಡು ತೋಟ.
ನಡುವೆ ಒಂದೇ ನಲ್ಲಿ. ನಲ್ಲಿಯ ಕಂಬಕ್ಕೆ
ಸೆಣಬಿನ ಹುರಿಯಲ್ಲಿ ನೇತುಬಿದ್ದ ಗೀಟುಪುಸ್ತಕ.
ಝಾರಿ ತುಂಬುವಷ್ಟು ಹೊತ್ತು ಓದು,
ಗೊತ್ತಿದ್ದರೆ ಬರಿ. ಅಷ್ಟೇ ಕಾನೂನು.

ಎಲೆಕೋಸಿಗೆ ಸಿಂಬಳದ ಹುಳ, ಏನು ಮಾಡಲಿ?
ತಟ್ಟೆಯಲ್ಲಿ ಬಿಯರ್ ಇಡಿ, ಕುಡಿದು ಮುಳುಗುತ್ತವೆ.
ಕೆಳಗೆ ಬೇರೆ ಕೈ: ಇಟ್ಟೆ.
ಹುಳ ಬರಲಿಲ್ಲ, ಗಂಡ ಬಂದ.

ಟೊಮೇಟೊ ಎಲೆಗೆ ಕಪ್ಪು ಚುಕ್ಕೆಯೇ?
ಹಾಲು ನೀರು ಬೆರೆಸಿ ಸಿಂಪಡಿಸಿ, ಎಂದಳು ನರ್ಸ್ ಯೊಲಾಂತಾ.
ಹಾಲು ಬೆಕ್ಕಿಗೆ ಹಾಕಿ, ಕೆಳಗಿನೆಲೆ ಕಿತ್ತು ಬಿಸಾಕಿ, ಎಂದ ಮತ್ತೊಬ್ಬ.
ತುರಿಚೆ ಸೊಪ್ಪು ಕೊಳೆಹಾಕಿದ ಪೀಪಾಯಿ ಯಾರದೋ,
ಆ ನಾತಕ್ಕೆ
ವಾರ್ಸಾ ರೈಲಿನವರು ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಪ್ರತಿ ಏಪ್ರಿಲ್, ಕೆಂಪು ಶಾಯಿಯಲ್ಲಿ,
ಸಿಗ್ನಲ್ ಮನೆಯಿಂದ ನಿವೃತ್ತನಾದ ಕ್ಲೆಮೆನ್ಸ್:
ಚಳಿ ಸೋಫಿಯಾಳ ದಿನ ದಾಟುವವರೆಗೆ
ಸಸಿ ಹೊರಗೆ ನೆಡಬೇಡಿ!
ಪ್ರತಿ ಏಪ್ರಿಲ್ ಬಿಸಿಲಿಗೆ ಮರುಳಾಗಿ ನೆಡುತ್ತೇನೆ ನಾನು,
ಮೇ ಹನ್ನೆರಡಕ್ಕೆ ಕಪ್ಪಾದ ಕಾಂಡ ಕೀಳುತ್ತೇನೆ,
ಅವನ ಕಣ್ಣು ತಪ್ಪಿಸಿ.

ಹೆಸರು ಹಾಕದೆ, ಎಡಗೈಯಲ್ಲಿ, ಬರೆದೆ ಒಮ್ಮೆ:
ಪೇರ್ ಮರ. ಮೂರು ವಸಂತದಿಂದ
ಮೈತುಂಬ ಹೂವು. ಕಾಯಿ ಒಂದೂ ಇಲ್ಲ.

ಬುಡಕ್ಕೆ ಬೂದಿ.
ಬೂದಿ ಬೇಡ, ಕುದುರೆ ಲದ್ದಿ.
ಕೊಂಬೆಗೆ ಕಲ್ಲು ಕಟ್ಟಿ ಬಗ್ಗಿಸಿ,
ಬೀಗುವ ಮರ ಬಸಿರಾಗದು.
ತುಕ್ಕುಮೊಳೆ ಹೊಡೆಯಿರಿ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಕೊಡಲಿ ತೋರಿಸಿ ಗದರಿಸಿ,
ನಮ್ಮಜ್ಜಿ ಹಾಗೇ ಮಾಡುತ್ತಿದ್ದಳು.

ಎಲ್ಲ ಮಾಡಿದೆ. ಮೊಣಕಾಲ ಹಿಮದಲ್ಲಿ ನಿಂತು
ಅರವತ್ತಾರರ ನಾನು, ಗೆನೋವೆಫಾ,
ಕೊಡಲಿ ಎತ್ತಿ ಮರಕ್ಕೆ ಬೈಯುತ್ತಿದ್ದರೆ
ಗೂಡ್ಸ್ ಗಾಡಿಯ ಚಾಲಕ ಸೀಟಿ ಊದಿ ಹೋದ.

ಮಾರ್ಚಿಯಲ್ಲಿ, ಪುಟದ ತೀರ ಕೆಳಗೆ,
ಚಪ್ಪಟೆ ಪೆನ್ಸಿಲ್ಲಿನ ದಪ್ಪ ಅಕ್ಷರ:
ಹತ್ತಿರ ಬೇರೆ ಜಾತಿಯ ಪೇರ್ ಇದೆಯೇ?
ಮೂರು ವರ್ಷದ ಹಿಂದೆ ಇತ್ತೇ?

ಝಾರಿ ತುಂಬಿ ಚೆಲ್ಲಿ ಬೂಟಿನೊಳಗೆ ನೀರು.

ಇತ್ತು.
ತಂತಿಬೇಲಿಯಾಚೆ, ಬಡಗಿ ಬೊಗುಮಿಲ್‌ನದು.
ಸಂಜೆ ನಾಲ್ಕಕ್ಕೆ ಅದರ ನೆರಳು
ನನ್ನ ಟೊಮೇಟೊ ಸಾಲಿನ ಮೇಲೆ.
ನಿಮ್ಮ ನೆರಳು ಎತ್ತಿಕೊಳ್ಳಿ ಎಂದೆ,
ಒಣಗಿಸಿದ ಬಟ್ಟೆಯೋ ಎನ್ನುವ ಹಾಗೆ,
ಐದು ಬೇಸಿಗೆ ಎಂದೆ.
ಆರನೆಯದರ ಕೊನೆಗೆ ಗರಗಸದ ಸದ್ದು.
ಅರ್ಧ ಸೌದೆ ಅಚ್ಚುಕಟ್ಟಾಗಿ ಪೇರಿಸಿ
ನನ್ನ ಬೇಲಿಗೇ ಒರಗಿಸಿದ್ದ. ಮಾತಿಲ್ಲ.
ಒಲೆಗೆ ಹಾಕಿದೆ. ಸಿಹಿ ಹೊಗೆ.
ನೆರಳು ಹೋಯಿತು,
ನೆರೆಯೂ ಹೋಯಿತು.

ಚಪ್ಪಟೆ ಪೆನ್ಸಿಲ್ಲು ಬಡಗಿಯವರದು ಎಂದು
ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಏಪ್ರಿಲ್ ಕೊನೆಗೆ ಟ್ರಾಲಿಬಸ್ಸಿನಿಂದ ಇಳಿದ ಬೊಗುಮಿಲ್.
ಎರಡು ಕೈಯಲ್ಲಿ ಅಪ್ಪಿಹಿಡಿದ ಬಕೆಟ್ಟು,
ಬಕೆಟ್ಟಿನ ತುಂಬ ಊರಿನ ಆ ತುದಿಯ
ತಂಗಿಯ ಮರದ ಹೂಗೊಂಬೆ,
ಭುಜದ ಮೇಲೆ ಎಸಳು,
ಟಿಕೆಟ್ಟಿಲ್ಲದೆ ಬಂದ ಜೇನ್ನೊಣ ಎರಡು.
ಅನುಮತಿ ಕೇಳಲಿಲ್ಲ. ನನ್ನ ಮರದ ಕವಲಿಗೆ
ಹಗ್ಗ ಹಾಕಿ ಬಕೆಟ್ಟು ತೂಗಿಬಿಟ್ಟ.
ದಿನಾ ನೀರು ಬದಲಿಸಿ, ಎಂದ.
ಚಹಾ ಮಾಡಲೇ, ಎಂದೆ.
ಪಾತಿಯ ಕಡೆ ನೋಡಿದ.
ಸಸಿ ಈ ಸಲವೂ ಬೇಗ ನೆಟ್ಟಿದ್ದೀರಿ, ಎಂದ.

ಸೆಪ್ಟೆಂಬರಿಗೆ ಒಂಬತ್ತು ಕಾಯಿ.
ಎರಡನ್ನು ಕಣಜ ತಿಂದಿತು.
ಒಂದು ಬಿದ್ದು ಹುಲ್ಲಲ್ಲಿ ಕೊಳೆಯಿತು, ನಾನೇ ನೋಡಲಿಲ್ಲ.
ಮೂರು ಬೇಲಿಯಾಚೆ ಹೋದವು.
ಜೊತೆಗೆ, ಬೇರಿಗೆ ಗೋಣಿ ಸುತ್ತಿದ
ಸೊಂಟದೆತ್ತರದ ಪೇರ್ ಸಸಿ,
ಬೇರೆ ಜಾತಿಯದು, ಬಜಾರಿನಿಂದ.
ಅವನ ಗರಗಸದ ಬುಡಕ್ಕೆ ಎದುರಾಗಿಟ್ಟು ಬಂದೆ.

ಆಮೇಲೆ ನಲ್ಲಿಗೆ ಹೋಗಿ, ಈ ಸಲ ಬಲಗೈಯಲ್ಲಿ,
ತುಂಡಿನ ಸಂಖ್ಯೆ, ಹೆಸರು ಸಹಿತ ಕೇಳಿದೆ:
ಸಂಜೆ ನಾಲ್ಕರ ನೆರಳಿನಲ್ಲಿ ಏನು ಬೆಳೆಯಬಹುದು?

ಪುದೀನ, ಯೊಲಾಂತಾ.
ಪಾಲಕ್. ಆದರೆ ಮೇ ಹದಿನೈದರ ನಂತರ, ಕೆಂಪು ಶಾಯಿ.
ನಾಲ್ಕು ದಿನ ಬಿಟ್ಟು, ಚಪ್ಪಟೆ ಪೆನ್ಸಿಲ್ಲಲ್ಲಿ:
ಬೆಂಚು.
ಉದ್ದ, ಅಗಲ, ಅಳತೆ ಸಮೇತ.